ಸೌದೆ ನೀರಿನ ಲೆಕ್ಕ

ಬಾಳೆಹೊನ್ನೂರಿನ ಕಾಫಿ ಕೇಂದ್ರದ ಗೆಸ್ಟ್‌ಹೌಸಿಗೆ
ಲಾವೋಸಿನಿಂದ ಬಂದವರು ಆರು ಜನ.
ಐವರಿಗೆ ಕಸಿ, ಬೋರರ್ ಹುಳ, ಪಲ್ಪರ್, ಇಷ್ಟೇ ಸಾಕಿತ್ತು.
ಆರನೆಯವಳು ಪಾ ನ್ಯಾ, ಅಂದರೆ ಬೆಳ್ಳಿ ಹೂವು.
ಹ್ಮಾಂಗ್ ಜನವಂತೆ, ಗುಡ್ಡದ ನೆತ್ತಿಯವರು.
ಸಂಜೆಯಾದರೆ ಅಡುಗೆಮನೆಗೇ ಬಂದು ಮಣೆ ಎಳೆದು ಕೂರುವಳು:
ಸೂಜಿ, ನೀಲಿ ಬಟ್ಟೆ, ಬಸವನಹುಳುವಿನ ಸುರುಳಿ.

ನಾನು ರೂಪ್ಲಿ, ತರೀಕೆರೆ ಕಡೆಯ ತಾಂಡಾದವಳು, ಇಲ್ಲಿ ಅಡುಗೆ.
ಅವಳ ಹೊಲಿಗೆ ನೋಡಿ ನನ್ನ ಬೆರಳು ತುರಿಸಿದವು.
ಕನ್ನಡಿ ಇಲ್ಲ, ಕವಡೆ ಇಲ್ಲ, ಮಿಕ್ಕಂತೆ
ನಮ್ಮ ಯಾಡಿಯ ಕಾಂಚಳಿಯೇ.

ಒಂದು ದಿನ ಫೋನಿಗೆ ಏನೋ ಉಸುರಿ ನನ್ನತ್ತ ಹಿಡಿದಳು.
ಫೋನು ಕನ್ನಡದಲ್ಲಿ ಹೇಳಿತು:
"ನಿಮ್ಮ ಮರದ ಸಾಲದ ಯಜಮಾನನ ಹೆಸರು ದಯಪಾಲಿಸಿ."
ಸೊಸೈಟಿ ಬ್ಯಾಂಕಿನವಳೇನೋ ಎಂದು ನಕ್ಕೆ.
ಅವಳು ನಗಲಿಲ್ಲ. ಹಂಡೆಯ ಒಲೆ ತೋರಿಸಿದಳು, ನಲ್ಲಿ ತೋರಿಸಿದಳು,
ಕಣ್ಣು ಮುಚ್ಚಿ, ಸತ್ತವಳಂತೆ ಕತ್ತು ವಾಲಿಸಿದಳು.

ಮೂರು ಸಂಜೆ ಬೇಕಾಯಿತು ನನಗೆ ತಿಳಿಯಲು.

ಅವರಲ್ಲಿ ಯಾರಾದರೂ ಸತ್ತರೆ
ಹಾಡುಗಾರ ಹೆಣದ ಪಕ್ಕ ಕೂತು ದಾರಿ ಹೇಳುತ್ತಾನೆ, ಹಿಂದುಹಿಂದಕ್ಕೆ:
ಕೊನೆಗೆ ಮಲಗಿದ ಊರು, ಅದರ ಹಿಂದಿನದು, ಅದರ ಹಿಂದಿನದು.
ಊರೂರಲ್ಲೂ ಜೀವ ನಿಲ್ಲಬೇಕು,
ಉರಿಸಿದ ಸೌದೆಗೆ, ಕುಡಿದ ನೀರಿಗೆ
ಅಲ್ಲಿನ ನೆಲದ ದೈವದ ಬಾಕಿ ತೀರಿಸಬೇಕು.
ಹೀಗೆ ಹೋಗಿ ಹೋಗಿ ಹುಟ್ಟಿದ ಮನೆ,
ನೆಲದಡಿ ಹೂತ ಮಾಸು.
ಅದಕ್ಕೆ ಅವರು ಅಂಗಿ ಅನ್ನುತ್ತಾರೆ, ಮೊದಲ ಅಂಗಿ.
ಅದನ್ನು ತೊಡದೆ ಹೋದರೆ ಹಿರಿಯರು ಗುರುತು ಹಿಡಿಯುವುದಿಲ್ಲ.

ನಿನ್ನದೆಲ್ಲಿ, ಕೇಳಿದೆ.
ನಿರಾಶ್ರಿತರ ಶಿಬಿರದಲ್ಲಿ, ಅಮ್ಮನ ಬಿದಿರ ಮಂಚದ ಕೆಳಗೆ.
ಯುದ್ಧ ಸೋತ ಮೇಲೆ ಬಿದಿರು ಬಗಲಿಗೆ ಕಟ್ಟಿಕೊಂಡು
ರಾತ್ರಿ ಮೆಕಾಂಗ್ ದಾಟಿದ ಅಮ್ಮ.
ಅಣ್ಣನ ನಾಲಗೆಗೆ ಚೂರು ಅಫೀಮು, ಅಳಬಾರದೆಂದು.
ಆಚೆ ದಡದಲ್ಲೂ ಅವನು ಅಳಲಿಲ್ಲ.
ಶಿಬಿರ ಕಿತ್ತು ಎಷ್ಟೋ ವರ್ಷ. ಈಗ ಅಲ್ಲಿ ಜೋಳವಂತೆ.
"ಜೋಳದ ಕೆಳಗೂ ಅಂಗಿ ಇರುತ್ತೆ," ಅಂದಿತು ಫೋನು.
ಈ ಸಲ ಸರಿಯಾಗಿ ಹೇಳಿತೆಂದು ಕಾಣುತ್ತದೆ.

ವಾಚ್‌ಮನ್ ತನಿಯಣ್ಣನನ್ನು ಕೇಳಿದೆ. ತಲೆ ಕೆರೆದುಕೊಂಡ.
ಸೌದೆ ಹಳೇ ರೊಬಸ್ಟಾ ಬೊಡ್ಡೆ, ನೀರು ಭದ್ರೆಯದು,
ನೆಲ ಪಂಪ್‌ಹೌಸ್ ಹಿಂದಿನ ಚೌಡಿಯದು,
ಸರ್ಕಾರ ಬರೋಕೆ ಮುಂಚೆಯೇ.
ಪಾ ನ್ಯಾ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು.
ಪ್ರತಿ ಮಾತಿನ ತುದಿಗೊಂದು ಹೆಚ್ಚಿನ ಅಕ್ಷರ,
ಓದುವುದಕ್ಕಲ್ಲ, ದನಿ ಏರಿಸುವುದಕ್ಕೆ ಇಳಿಸುವುದಕ್ಕೆ.
ಓದಿ ತೋರಿಸಿದಳು.
ನಮ್ಮ ಚೌಡಿ ಮೊದಲ ಬಾರಿ ರಾಗದಲ್ಲಿ ಬಂದಳು.

ಅವರಿಗೂ ಪುಸ್ತಕ ಇತ್ತಂತೆ.
ಹೊಳೆ ದಾಟಿ ಒಣಗಲು ಹರಡಿದಾಗ ಕುದುರೆ ತಿಂದಿತಂತೆ.
ನಮ್ಮದನ್ನು ಎತ್ತೇ ತಿಂದಿರಬೇಕು ಅಂದೆ,
ಉಪ್ಪಿನ ಮೂಟೆಯ ಜೊತೆ ಹೇರಿದರೆ ಯಾವ ಎತ್ತು ಬಿಟ್ಟೀತು?
ಆಗ ನಕ್ಕಳು ನೋಡಿ, ಸೂಜಿ ಕೈಜಾರುವಷ್ಟು.

ಅವಳು ಹೋದ ರಾತ್ರಿ ಯಾಡಿಗೆ ಫೋನ್ ಮಾಡಿದೆ.
ನನ್ನ ಮಾಸು ಎಲ್ಲಿ?
"ಇದೇನೇ ಈ ಹೊತ್ತಲ್ಲಿ!"
ಕಾಫಿ ಕೊಯ್ಲಿಗೆ ಲಾರಿಯಲ್ಲಿ ಹೊರಟಿದ್ದರಂತೆ,
ಲಿಂಗದಹಳ್ಳಿ ದಾಟಿ ಘಾಟಿಯ ಬುಡ, ನೋವು ಶುರು,
ಡ್ರೈವರ್ ಬೈಯುತ್ತಲೇ ನಿಲ್ಲಿಸಿದ. ತಾರೆಮರದ ಬುಡದಲ್ಲಿ ಹೂತದ್ದು.
ಮರ ಇದೆಯಾ?
"ರೋಡು ದೊಡ್ಡದಾಯ್ತಲ್ಲ."

ಬಿಸಿನೀರು?
"ಅಲ್ಲೊಂದು ಮನೆಯ ಸಾಬರ ಹೆಂಗಸು,
ಎರಡು ಕೊಡ ಕಾಯಿಸಿ ತಂದಳು, ತನ್ನದೇ ಸೌದೆ."
ಹೆಸರೇನು?
ಯಾಡಿ ಬಹಳ ಹೊತ್ತು ಸುಮ್ಮನಿದ್ದಳು.
"ಕೇಳಲಿಲ್ಲ ಕಣೇ. ಲಾರಿ ಹಾರನ್ ಹೊಡೀತಾ ಇತ್ತು."